ಕುಂಡದ ತೋಟ, ಭಾಗ 4: ಕರಿಬೇವು ಮತ್ತು ಕ್ಯಾಲಿಫೋರ್ನಿಯಾದ ಕಿತ್ತಳೆ

ಕೊತ್ತಂಬರಿ, ಪುದೀನ, ಮೆಂತ್ಯ ಮೂರೂ ಆದವು. ಕಳೆದ ಸಲ ಕಾಮೆಂಟ್‌ನಲ್ಲಿ ಹೆಚ್ಚು ಜನ ಕೇಳಿದ್ದು ಒಂದೇ: "ಕರಿಬೇವನ್ನು ಯಾಕೆ ಬಿಟ್ಟೆ? ಅದಿಲ್ಲದೆ ಒಗ್ಗರಣೆ ಹೇಗೆ?" ಬಿಟ್ಟಿರಲಿಲ್ಲ, ಬೇರೆಯಾಗಿ ಬರೆಯೋಣ ಅಂತ ಎತ್ತಿಟ್ಟಿದ್ದೆ. ಉಳಿದ ಸೊಪ್ಪಿಗೆ ಮಣ್ಣು, ನೀರು, ಬಿಸಿಲು ಹೇಳಿದರೆ ಸಾಕು. ಈ ಗಿಡಕ್ಕೆ ಇಲ್ಲಿ ಒಂದು ಚರಿತ್ರೆಯೇ ಇದೆ. ಅದರಲ್ಲಿ ನಮ್ಮ ಸೂಟ್‌ಕೇಸ್‌ಗಳೂ ಬರುತ್ತವೆ, ನಮ್ಮ ಕೊಡಗಿನ ಕಿತ್ತಳೆಯೂ ಬರುತ್ತದೆ. ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತು ಓದಿ.

ಮೊದಲು ನೆಂಟಸ್ತನ. ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ಅವು ಎಣ್ಣೆಯ ಚೀಲಗಳು, ಘಮ ಇರುವುದು ಅಲ್ಲೇ. ನಿಂಬೆ ಎಲೆಯಲ್ಲೂ ಇದೇ ಚುಕ್ಕಿಗಳಿವೆ. ಕಿತ್ತಳೆ, ನಿಂಬೆ, ಚಕ್ಕೋತ, ಶಿವನ ಪೂಜೆಯ ಬಿಲ್ವಪತ್ರೆ, ರಾಮನವಮಿ ಪಾನಕದ ಬೇಲದ ಹಣ್ಣು, ನಮ್ಮ ಕರಿಬೇವು ಎಲ್ಲ ಒಂದೇ ಕುಟುಂಬ, ಸಸ್ಯಶಾಸ್ತ್ರದಲ್ಲಿ ರೂಟೇಸಿ. ಹೆಸರಲ್ಲಿ ಬೇವು ಇದ್ದರೂ ಬೇವಿನ ಮರಕ್ಕೂ ಇದಕ್ಕೂ ಆ ಲೆಕ್ಕದಲ್ಲಿ ನೆಂಟಸ್ತನ ಇಲ್ಲ. ಕುಟುಂಬ ಅಂದ ಮೇಲೆ ಒಬ್ಬರಿಗೆ ಬಂದ ಕಾಟ ಇನ್ನೊಬ್ಬರ ಮನೆ ಬಾಗಿಲಿಗೂ ಬರುತ್ತದೆ. ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ.

ಗಿಡದ ಲ್ಯಾಟಿನ್ ಹೆಸರು ಬರ್ಗೇರಾ ಕೋನಿಗೀ. ನಾವು ಪುಸ್ತಕದಲ್ಲಿ ಮುರಾಯಾ ಕೋನಿಗೀ ಅಂತ ಓದಿದ್ದೆವು, ಈಗ ಮತ್ತೆ ಹಳೆಯ ಹೆಸರನ್ನೇ ಬಳಸುತ್ತಿದ್ದಾರೆ. ಕೋನಿಗ್ ಅಂದರೆ ಯೋಹಾನ್ ಗೆರ್ಹಾರ್ಡ್ ಕೋನಿಗ್, ಲಿನೇಯಸ್‌ನ ಶಿಷ್ಯ. 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ, ಡೇನಿಷ್ ಮಿಷನ್‌ಗೆ ವೈದ್ಯನಾಗಿ ಬಂದವನು. ಲಿನೇಯಸ್ 1771ರಲ್ಲಿ ಈ ಗಿಡಕ್ಕೆ ಅವನ ಹೆಸರಿಟ್ಟ. ನಮ್ಮ ಅಜ್ಜಿಯಂದಿರು ಅದಕ್ಕೆ ಎಷ್ಟು ಶತಮಾನ ಮೊದಲು ಹಿತ್ತಲಲ್ಲಿ ನೆಟ್ಟು ಹೆಸರಿಟ್ಟಿದ್ದರೋ, ಅವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಈಗ ಕಿತ್ತಳೆಯ ಕಡೆ ಬರುತ್ತೇನೆ. ಇಲ್ಲಿಗೆ ಬರುವ ಮೊದಲು ನಾನು ಲಾಸ್ ಏಂಜಲೀಸ್ ಅಂದರೆ ಸಿನಿಮಾ ಅಂದುಕೊಂಡಿದ್ದೆ. ಈ ಊರನ್ನು ಬೆಳೆಸಿದ್ದರಲ್ಲಿ ಕಿತ್ತಳೆಯ ಪಾಲು ದೊಡ್ಡದು, ಸಿನಿಮಾ ಬಂದದ್ದು ಆಮೇಲೆ. 1804ರ ಸುಮಾರಿಗೆ ಸ್ಯಾನ್ ಗೇಬ್ರಿಯಲ್ ಮಿಷನ್‌ನ ಪಾದ್ರಿಗಳು ಕಿತ್ತಳೆ ತೋಪು ಹಾಕಿದರು. 1841ರಲ್ಲಿ ವಿಲಿಯಂ ವುಲ್ಫ್‌ಸ್ಕಿಲ್ ಅನ್ನುವವನು ಲಾಸ್ ಏಂಜಲೀಸ್‌ನಲ್ಲೇ ಮಾರಾಟಕ್ಕೆಂದು ತೋಟ ಮಾಡಿದ. 1873ರಲ್ಲಿ ರಿವರ್‌ಸೈಡ್‌ನ ಎಲೈಜಾ ಟಿಬೆಟ್ಸ್ ಎಂಬ ಹೆಂಗಸಿಗೆ ವಾಷಿಂಗ್ಟನ್‌ನ ಕೃಷಿ ಇಲಾಖೆಯಿಂದ, ಬ್ರೆಜಿಲ್ ಮೂಲದ ನೇವಲ್ ಕಿತ್ತಳೆಯ ಸಸಿಗಳು ಬಂದವು. ಬೀಜವಿಲ್ಲದ, ಸಿಹಿ ಹಣ್ಣು. ಬೀಜ ಇಲ್ಲ ಅಂದ ಮೇಲೆ ಕಸಿಯೇ ದಾರಿ. ಕ್ಯಾಲಿಫೋರ್ನಿಯಾದ ನೇವಲ್ ತೋಟಗಳೆಲ್ಲ ಆ ಹೆಂಗಸಿನ ಅಂಗಳದ ಗಿಡಗಳ ಸಂತಾನ ಅನ್ನಬಹುದು. ಅವುಗಳಲ್ಲಿ ಒಂದು ಮರ ಇವತ್ತಿಗೂ ರಿವರ್‌ಸೈಡ್‌ನ ಮ್ಯಾಗ್ನೋಲಿಯಾ ಮತ್ತು ಆರ್ಲಿಂಗ್ಟನ್ ರಸ್ತೆಗಳು ಕೂಡುವ ಮೂಲೆಯಲ್ಲಿ ಬದುಕಿದೆ. ಕಳೆದ ವರ್ಷ ರಜೆ ದಿನ ಹೋಗಿ ನೋಡಿದೆ. ಬೇಲಿಯ ಒಳಗೆ, ತಲೆಯಿಂದ ಕಾಲಿನವರೆಗೆ ಪರದೆ ಹೊದಿಸಿ ನಿಲ್ಲಿಸಿದ್ದಾರೆ, ಮಲೇರಿಯಾ ವಾರ್ಡಿನ ಹಾಸಿಗೆ ಹಾಗೆ. 150 ವರ್ಷದ ಅಜ್ಜಿಗೆ ಸೊಳ್ಳೆ ಪರದೆ. ಯಾವ ಸೊಳ್ಳೆಯಿಂದ ಕಾಪಾಡಲು ಅಂದರೆ, ನಮ್ಮ ಕರಿಬೇವಿನ ಚಿಗುರಿನ ಮೇಲೆ ಕೂರುವ ಸಿಲ್ಲಿಡ್ ಅನ್ನುವ ಹುಳದಿಂದ.

ಈ ಹುಳ ಎಳ್ಳು ಕಾಳಿಗಿಂತ ಸ್ವಲ್ಪ ಉದ್ದ, 3-4 ಮಿಲಿಮೀಟರ್. ಕೂತರೆ ಹಿಂಭಾಗ ಎತ್ತಿಕೊಂಡು ಓರೆಯಾಗಿ ಕೂರುತ್ತದೆ. ಮೊಟ್ಟೆ ಇಡುವುದು ಎಳೆ ಚಿಗುರಿನ ಮೇಲೆ ಮಾತ್ರ. ಹುಳ ರಸ ಹೀರಿದ್ದರಿಂದ ಮರ ಸಾಯುವುದಿಲ್ಲ. ಆದರೆ ಅದರ ಬಾಯಲ್ಲಿ ಒಂದು ಬ್ಯಾಕ್ಟೀರಿಯಾ ಇದ್ದರೆ ಅದು ಮರದ ಆಹಾರ ಸಾಗಿಸುವ ನಾಳಕ್ಕೆ ಇಳಿಯುತ್ತದೆ. ಎಲೆ ಒಂದೊಂದು ಕಡೆ ಹಳದಿ ತಿರುಗುತ್ತದೆ, ಹಣ್ಣು ಸೊಟ್ಟಗಾಗಿ ಕಹಿಯಾಗುತ್ತದೆ, ಹಣ್ಣಾದರೂ ತುದಿ ಹಸಿರಾಗೇ ಉಳಿಯುತ್ತದೆ. ಕೆಲವು ವರ್ಷದಲ್ಲಿ ಮರ ಹೋಯಿತು. ಮದ್ದಿಲ್ಲ. ಚೀನಿ ಭಾಷೆಯ ಹೆಸರು ಹುವಾಂಗ್‌ಲಾಂಗ್‌ಬಿಂಗ್, ಇಲ್ಲಿನವರು ಎಚ್‌ಎಲ್‌ಬಿ ಅನ್ನುತ್ತಾರೆ. ನಮ್ಮಲ್ಲಿ ಗ್ರೀನಿಂಗ್ ರೋಗ. ಸೋಂಕು ತಗುಲಿ ಎರಡು ವರ್ಷವಾದರೂ ಮರ ನೋಡಲು ಚೆನ್ನಾಗೇ ಇರಬಹುದು. ನಮ್ಮ ಕೆಲಸದ ಭಾಷೆಯಲ್ಲಿ ಲಕ್ಷಣವಿಲ್ಲದ ವಾಹಕ. ಕೋವಿಡ್ ನಂತರ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕರಿಬೇವಿನ ಪಾತ್ರ ಸ್ವಲ್ಪ ವಿಚಿತ್ರ. ಈ ಬ್ಯಾಕ್ಟೀರಿಯಾ ಅದರಲ್ಲಿ ನೆಲೆ ನಿಲ್ಲುವುದಿಲ್ಲ. ಗಿಡಕ್ಕೆ ರೋಗ ಬರುವುದಿಲ್ಲ, ಹುಳಕ್ಕೆ ಮಾತ್ರ ಅದು ಬಲು ಇಷ್ಟ. ಊರಲ್ಲಿ ಡೆಂಗ್ಯೂ ಬಂದಾಗ ಆಶಾ ಕಾರ್ಯಕರ್ತೆಯರು ಡ್ರಮ್ಮಿನ ನೀರು ಚೆಲ್ಲಿ ಅಂತ ಮನೆಮನೆಗೆ ಬರುತ್ತಾರಲ್ಲ? ನೀರಿಗೆ ಡೆಂಗ್ಯೂ ಇರುವುದಿಲ್ಲ, ಸೊಳ್ಳೆಗೆ ಅದು ತೊಟ್ಟಿಲು. ಇದೂ ಹಾಗೇ. ನಾವು ಒಗ್ಗರಣೆಗೆ ತುದಿ ಚಿವುಟಿದಷ್ಟೂ ಗಿಡ ಹೊಸ ಚಿಗುರು ಬಿಡುತ್ತದೆ, ಚಿಗುರಿದಷ್ಟೂ ಹುಳಕ್ಕೆ ಮೊಟ್ಟೆಯಿಡಲು ಜಾಗ. ಚೆನ್ನಾಗಿ ಬಳಸುವ ಮನೆಯ ಕರಿಬೇವೇ ಹುಳಕ್ಕೂ ಒಳ್ಳೆಯ ಮನೆ.

ಅದು ಇಲ್ಲಿಗೆ ಬಂದ ಬಗೆ ಹೇಳುತ್ತೇನೆ. ಫ್ಲಾರಿಡಾದಲ್ಲಿ ಹುಳ 1998ರಲ್ಲಿ ಕಂಡಿತು, ರೋಗ 2005ರಲ್ಲಿ. 2003-04ರಲ್ಲಿ ಅಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಆಗಿತ್ತು; 2022-23ರಲ್ಲಿ 1.6 ಕೋಟಿಯೂ ಆಗಲಿಲ್ಲ. ಆ ವರ್ಷ ಚಂಡಮಾರುತವೂ ಹೊಡೆದಿತ್ತು ನಿಜ, ಆದರೆ ತೋಟಗಳ ಸೊಂಟ ಮುರಿದದ್ದು ಈ ರೋಗ. ಕ್ಯಾಲಿಫೋರ್ನಿಯಾದಲ್ಲಿ ಹುಳ ಮೊದಲು ಸಿಕ್ಕಿದ್ದು 2008ರಲ್ಲಿ, ನಾನಿರುವ ಸ್ಯಾನ್ ಡಿಯೇಗೋ ಕೌಂಟಿಯಲ್ಲೇ. ಗಡಿಯಾಚೆಯ ತಿಹುವಾನಾದಲ್ಲಿ ಆಗಲೇ ಇತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? 2009ರಲ್ಲಿ ಲಾಸ್ ಏಂಜಲೀಸ್ ತಲುಪಿತು.

ಅದೇ 2009ರ ಇನ್ನೊಂದು ಘಟನೆ ಓದಿ ನನಗೆ ಎದೆ ಧಸಕ್ ಅಂದಿತ್ತು. ಫ್ರೆಸ್ನೋದಲ್ಲಿ ಪಾರ್ಸೆಲ್‌ಗಳನ್ನು ಮೂಸುವ ನಾಯಿ ಒಂದು ಚೀಲದ ಹತ್ತಿರ ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಭಾರತದಿಂದ ಬಂದ ಹಸಿ ಕರಿಬೇವು. ಎಲೆಯ ಮೇಲೆ ಸಿಲ್ಲಿಡ್ ಹುಳಗಳು, ಪರೀಕ್ಷೆ ಮಾಡಿದರೆ ಹುಳದಲ್ಲಿ ಎಚ್‌ಎಲ್‌ಬಿ. ಆಗ ಕ್ಯಾಲಿಫೋರ್ನಿಯಾದ ಒಂದು ಮರಕ್ಕೂ ಆ ರೋಗ ಇದೆಯೆಂದು ಗೊತ್ತಿರಲಿಲ್ಲ. ಆ ಚೀಲ ಕಳಿಸಿದವರು ಕೆಟ್ಟವರಲ್ಲ, ಯಾರದೋ ಅಮ್ಮನೋ ಅತ್ತೆಯೋ ಇರಬೇಕು. ಮಗಳು ಸಾರಿಗೆ ಕರಿಬೇವಿಲ್ಲದೆ ಒದ್ದಾಡುತ್ತಾಳೆ ಅಂತ ತೊಳೆದು, ಪೇಪರಿನಲ್ಲಿ ಸುತ್ತಿ, ಪ್ರೀತಿಯಿಂದ ಕಳಿಸಿದ್ದು.

ರೋಗದ ಮೊದಲ ಮರ ಸಿಕ್ಕಿದ್ದು 2012ರ ಮಾರ್ಚ್‌ನಲ್ಲಿ, ಲಾಸ್ ಏಂಜಲೀಸ್ ಕೌಂಟಿಯ ಹಸಿಯೆಂಡಾ ಹೈಟ್ಸ್‌ನ ಒಂದು ಮನೆಯಂಗಳದಲ್ಲಿ. ನಿಂಬೆ ಚಕ್ಕೋತ ಕಸಿ ಮಾಡಿದ ಮರ. ಕಡಿದು ಹಾಕಿದರು. ಆಮೇಲೆ ಅಂಥವು ಸಾವಿರಾರು ಸಿಕ್ಕಿವೆ, ಬಹುಪಾಲು ಮನೆಗಳ ಹಿತ್ತಲಲ್ಲಿ. ತೋಟದ ಬೆಳೆಗಾರರ ಭಯ ಅದೇ: ಸಂಬಳದ ಜನ ಔಷಧಿ ಹೊಡೆಯುವ ತೋಟವನ್ನು ಕಾಯಬಹುದು, ಲಕ್ಷಾಂತರ ಹಿತ್ತಲುಗಳನ್ನು ಕಾಯುವುದು ಹೇಗೆ?

ನಾನಿರುವ ಓಷನ್‌ಸೈಡ್‌ಗೆ ಅದು ಬಂದದ್ದು 2021ರಲ್ಲಿ, ಸ್ಯಾನ್ ಡಿಯೇಗೋ ಕೌಂಟಿಯ ಮೊದಲ ಪ್ರಕರಣ. ರೋಗದ ಮರದಿಂದ ಸುತ್ತಲೂ 5 ಮೈಲಿ ಕ್ವಾರಂಟೈನ್. ಅದರೊಳಗೆ ಇರುವ ನಿಂಬೆ, ಕಿತ್ತಳೆ, ಕರಿಬೇವು ಯಾವುದನ್ನೂ, ಗಿಡವಾಗಲಿ ಎಲೆಯಾಗಲಿ, ಆಚೆ ಸಾಗಿಸುವಂತಿಲ್ಲ. ನಿಮ್ಮ ಮನೆಯದನ್ನು ನಿಮ್ಮ ಮನೆಯಲ್ಲಿ ತಿನ್ನಿ, ಅಡ್ಡಿಯಿಲ್ಲ. ಹೀಗಾಗಿ ಲಾಸ್ ಏಂಜಲೀಸ್ ಕಡೆ ಯಾರ ಮನೆಗಾದರೂ ಊಟಕ್ಕೆ ಹೋಗುವಾಗ ನಾನು ಹಸಿ ಎಲೆ ಒಯ್ಯುವುದಿಲ್ಲ. ಚಿತ್ರಾನ್ನದ ಗೊಜ್ಜನ್ನು ಇಲ್ಲೇ ಒಗ್ಗರಣೆ ಹಾಕಿ ಡಬ್ಬಿಯಲ್ಲಿ ಒಯ್ಯುತ್ತೇನೆ. ಕರಿದ ಎಲೆಯ ಮೇಲೆ ಯಾವ ಹುಳವೂ ಬದುಕಿರುವುದಿಲ್ಲವಲ್ಲ.

ಸೆರಿಟೋಸ್‌ನಲ್ಲಿ ಮೈಸೂರು ಕಡೆಯ ಒಬ್ಬ ಆಂಟಿ ಇದ್ದಾರೆ, 1970ರ ದಶಕದಲ್ಲಿ ಬಂದವರು. ಅವರ ಊರು ಹಿಂದೆ ಹಾಲಿನ ಹಸುಗಳ ಸೀಮೆ, ಹೆಸರೇ ಡೈರಿ ವ್ಯಾಲಿ ಅಂತಿತ್ತು; 1967ರಲ್ಲಿ ಸೆರಿಟೋಸ್ ಆಯಿತು. ಪಕ್ಕದ ಆರ್ಟೀಸಿಯಾದ ಪಯೊನೀರ್ ರಸ್ತೆ ಈಗ ಲಿಟಲ್ ಇಂಡಿಯಾ: ಸೀರೆ ಅಂಗಡಿ, ಬಂಗಾರದ ಅಂಗಡಿ, ಇಡ್ಲಿ ದೋಸೆ ಎಲ್ಲ ಸಿಗುತ್ತದೆ. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಬಂದ ನಮ್ಮವರು ಕಟ್ಟಿದ್ದು. ಆಂಟಿ ಹೇಳುತ್ತಾರೆ, ಮೊದಲ ವರ್ಷಗಳಲ್ಲಿ ಅವರ ತಾಯಿ ಏರೋಗ್ರಾಮ್ ಬಿಟ್ಟು ಲಕೋಟೆಯಲ್ಲೇ ಕಾಗದ ಬರೆಯುತ್ತಿದ್ದರಂತೆ, ಒಳಗೆ ನೆರಳಲ್ಲಿ ಒಣಗಿಸಿದ ಹತ್ತು ಕರಿಬೇವಿನ ಎಲೆ ಇಡಬಹುದು ಅಂತ. "ಸಾರಿಗೆ ಹಾಕುತ್ತಿರಲಿಲ್ಲ ಕಣೇ, ಮೂಸಿ ಮೂಸಿ ಪುಡಿಯಾಗುತ್ತಿತ್ತು" ಅಂದರು. ಈಗ ಅವರಿಗೆ ಮಂಡಿ ನೋವು, ಅಂಗಡಿಗೆ ಹೋಗುವುದು ಕಷ್ಟ. ನನ್ನ ಕುಂಡದಲ್ಲಿ ಬೇರಿನಿಂದ ಎದ್ದ ಮೂರು ಮರಿಗಳಿವೆ ಅಂತ ತಿಳಿದು ಒಂದು ಕೊಡು ಅಂದರು. ಕೊಡಲಿಲ್ಲ. ಎಂಬತ್ತು ಹತ್ತಿರದವರಿಗೆ ಒಂದು ಕರಿಬೇವಿನ ಮರಿ ಇಲ್ಲ ಅನ್ನುವುದು ನಮ್ಮ ಕಡೆ ಯಾರಾದರೂ ಮಾಡುವ ಕೆಲಸವೇ? ಅವರ ಹಿತ್ತಲಲ್ಲಿ ನಲವತ್ತು ವರ್ಷದ ಕಿತ್ತಳೆ ಮರವಿದೆ, ತೀರಿಹೋದ ಅಂಕಲ್ ನೆಟ್ಟದ್ದು. ಅದನ್ನು ತೋರಿಸಿಯೇ ಹೇಳಿದೆ. ಒಂದು ವಾರ ಫೋನ್ ಎತ್ತಲಿಲ್ಲ. ಆಮೇಲೆ ಅವರ ಮಗ ಅಲ್ಲಿನ ಪರವಾನಗಿ ಇರುವ ನರ್ಸರಿಯಲ್ಲಿ, ಅವರ ಪ್ರದೇಶದಲ್ಲಿ ಇಡಬಹುದಾ ಅಂತ ವಿಚಾರಿಸಿ, ಚೀಟಿ ಇದ್ದ ಗಿಡ ತಂದುಕೊಟ್ಟ. ಈಗ ಅದು ನನ್ನ ಗಿಡಕ್ಕಿಂತ ಚೆನ್ನಾಗಿದೆ ಅಂತ ಫೋಟೋ ಕಳಿಸುತ್ತಾರೆ, ಬೇಕಂತಲೇ.

ಇಲ್ಲಿನವರು ಹುಳವನ್ನು ಎದುರಿಸಿದ ಕತೆಯೂ ಚೆನ್ನಾಗಿದೆ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆಗೆ ಬಿಳಿ ಹತ್ತಿಯಂಥ ಶಲ್ಕ ಕೀಟ ಬಿದ್ದಿತ್ತು, ಆಸ್ಟ್ರೇಲಿಯಾದಿಂದ ಬಂದದ್ದು. ಆಗ ಆಲ್ಬರ್ಟ್ ಕೋಬೆಲೆ ಎನ್ನುವವನನ್ನು ಅಲ್ಲಿಗೇ ಕಳಿಸಿ, ಆ ಕೀಟವನ್ನು ತಿನ್ನುವ ವೆಡಾಲಿಯಾ ಎಂಬ ಗುಲಗಂಜಿ ಹುಳ ತರಿಸಿದರು. ವುಲ್ಫ್‌ಸ್ಕಿಲ್ ಮನೆತನದ ತೋಟದಲ್ಲಿ ಒಂದು ಮರಕ್ಕೆ ಡೇರೆ ಕಟ್ಟಿ ಒಳಗೆ ಬಿಟ್ಟರು. ಒಂದೆರಡು ವರ್ಷದಲ್ಲಿ ಪೀಡೆ ಹತೋಟಿಗೆ ಬಂತು. ಸಿಲ್ಲಿಡ್‌ಗೂ ಅದೇ ಯೋಚನೆ. ರಿವರ್‌ಸೈಡ್ ವಿಶ್ವವಿದ್ಯಾಲಯದ ಮಾರ್ಕ್ ಹಾಡಲ್ ಪಾಕಿಸ್ತಾನದ ಪಂಜಾಬಿಗೆ, ಫೈಸಲಾಬಾದಿಗೆ ಹೋಗಿ ಅಲ್ಲಿನ ಕಿನ್ನೋ ತೋಟಗಳಿಂದ ಟಮರಿಕ್ಸಿಯಾ ಎನ್ನುವ ಪುಟ್ಟ ಕಣಜ ತಂದರು. ಸಿಲ್ಲಿಡ್ ಮರಿಯ ಹೊಟ್ಟೆಯಡಿ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಕಣಜ, ಮನುಷ್ಯರಿಗೆ ಕಚ್ಚುವುದಿಲ್ಲ. 2011ರ ಡಿಸೆಂಬರ್‌ನಲ್ಲಿ ಮೊದಲು ಬಿಟ್ಟರು. ಕಿನ್ನೋ ಅಂದರೆ ಬೆಂಗಳೂರಿನ ಜ್ಯೂಸ್ ಅಂಗಡಿಯಲ್ಲಿ ಚಳಿಗಾಲದಲ್ಲಿ ಸಿಗುವ ಅದೇ ಕಿತ್ತಳೆ. ಆ ತಳಿ ಹುಟ್ಟಿದ್ದು ಎಲ್ಲಿ ಗೊತ್ತಾ? ಇದೇ ರಿವರ್‌ಸೈಡ್ ಸಂಶೋಧನಾ ಕೇಂದ್ರದಲ್ಲಿ, 1935ರಲ್ಲಿ ಬಿಡುಗಡೆಯಾದದ್ದು. ಇಲ್ಲಿಂದ ಹಣ್ಣು ಹೋಯಿತು, ಅಲ್ಲಿಂದ ಕಣಜ ಬಂತು.

ಇನ್ನೂ ತಮಾಷೆ: ಕಣಜ ಸಾಕಬೇಕಾದರೆ ಮೊದಲು ಸಿಲ್ಲಿಡ್ ಸಾಕಬೇಕು. ಸಿಲ್ಲಿಡ್ ಚೆನ್ನಾಗಿ ಬೆಳೆಯಬೇಕು, ಆದರೆ ರೋಗ ಹಿಡಿಯಬಾರದು. ಅಂಥ ಗಿಡ ಯಾವುದು? ಕರಿಬೇವು! ಹಸಿರುಮನೆಗಳಲ್ಲಿ ಸಾಲು ಸಾಲು ಕರಿಬೇವು ಬೆಳೆಸಿ ಕಣಜ ಸಾಕಿದರು. ಒಂದು ಎಲೆಯೂ ಒಗ್ಗರಣೆಗೆ ಹೋಗದ ಕರಿಬೇವಿನ ತೋಟ, ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಕಣಜದಿಂದ ಹುಳ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ.

ಕ್ಯಾಲಿಫೋರ್ನಿಯಾದ ಶ್ರೀಮಂತ ತೋಟಗಾರರ ಕಷ್ಟ ನಮಗೇಕೆ ಅಂತ ಊರಿನವರು ಕೇಳಬಹುದು. ಕೊಡಗಿನವರು ಕೇಳಬಾರದು. ಕಾಫಿ ತೋಟದ ನಡುವೆ ಕಿತ್ತಳೆ ಹೇಗಿತ್ತು ಅಂತ ನಮ್ಮ ಅಜ್ಜ ಹೇಳುತ್ತಿದ್ದುದು ನಿಮಗೆಲ್ಲ ನೆನಪಿದೆ. ಸಿಪ್ಪೆ ಸಡಿಲ, ಮುಟ್ಟಿದರೆ ಬಿಚ್ಚಿಕೊಳ್ಳುವ ಹಣ್ಣು. ನನ್ನ ಕಾಲಕ್ಕೆ ನಮ್ಮ ತೋಟದಲ್ಲಿ ಉಳಿದದ್ದು ಒಣಗಿದ ತುದಿಯ ಏಳೆಂಟು ಮರ. ಜಿಐ ಗುರುತು ಬಂತು, ಹಣ್ಣು ಮಾತ್ರ ಬರಲಿಲ್ಲ. ಮಡಿಕೇರಿ ರಸ್ತೆಬದಿಯಲ್ಲಿ ಕೊಡಗಿನ ಕಿತ್ತಳೆ ಅಂತ ಮಾರುವುದರಲ್ಲಿ ನಾಗಪುರದ್ದೂ ಇರುತ್ತದೆ. ನಮ್ಮ ಮರಗಳು ಹೋದದ್ದಕ್ಕೆ ಕಾರಣ ಒಂದಲ್ಲ. ಬೇರು ಕೊಳೆ, ಟ್ರಿಸ್ಟೆಜಾ ವೈರಸ್, ಆರೈಕೆ ಬಿಟ್ಟದ್ದು, ಎಲ್ಲ ಇವೆ. ಗ್ರೀನಿಂಗ್ ಕೂಡ ಅವುಗಳಲ್ಲಿ ಒಂದು. ಭಾರತದಲ್ಲಿ ಗ್ರೀನಿಂಗ್ ಹರಡುವುದು ಈ ಸಿಲ್ಲಿಡ್ ಅಂತ 1967ರಲ್ಲೇ ನಮ್ಮ ವಿಜ್ಞಾನಿಗಳು ತೋರಿಸಿದ್ದರು. ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದವರು ಇವತ್ತಿಗೂ ಕಿತ್ತಳೆ ಉಳಿಸಲು ಒದ್ದಾಡುತ್ತಿದ್ದಾರೆ. ಅಜ್ಜನ ಮರ ತಿಂದ ಹುಳವನ್ನು ನಾನೇ ಬ್ಯಾಗಿನಲ್ಲಿಟ್ಟು ಆಂಟಿಯ ಮರಕ್ಕೆ ತಲುಪಿಸುವುದು ಬೇಡ, ಅಷ್ಟೇ ನನ್ನ ಲೆಕ್ಕ.

ಇನ್ನು ಅತ್ತಿಗೆಗೆ, ಎಲ್ಲರ ಎದುರೇ ಹೇಳುತ್ತಿದ್ದೇನೆ, ಬೇಜಾರಾಗಬೇಡಿ. ಅಕ್ಟೋಬರ್‌ನಲ್ಲಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿತ್ತಲ ಕರಿಬೇವಿನ ಮರಿ ತರುತ್ತೇನೆ ಅಂದಿದ್ದೀರಿ. ಮರಿ ಬೇಡ, ಹಸಿ ಎಲೆ ಬೇಡ, ಬೀಜವೂ ಬೇಡ. ಏರ್‌ಪೋರ್ಟಿನಲ್ಲಿ ಸಿಕ್ಕಿದರೆ ದಂಡ, ಸಿಗದಿದ್ದರೆ ಅದಕ್ಕಿಂತ ಕಷ್ಟ. ಹುರಿದು ಪುಡಿ ಮಾಡಿದ ಕಾಫಿ ತನ್ನಿ, ಒಂದು ಬಾಟಲಿ ಕಾಚಂಪುಳಿ ತನ್ನಿ. ಎರಡನ್ನೂ ಫಾರ್ಮಿನಲ್ಲಿ ಬರೆದು ತೋರಿಸಿ.

ಆರೋಗ್ಯದ ಮಾತು. ವಾಟ್ಸ್ಆ್ಯಪಿನಲ್ಲಿ ಬರುವ "ಖಾಲಿ ಹೊಟ್ಟೆಗೆ ಹತ್ತು ಎಲೆ, ಶುಗರ್ ಮಾಯ" ಅನ್ನುವುದನ್ನು ನಾಲ್ಕು ಜನ ನನಗೆ ಕಳಿಸಿದ್ದೀರಿ. ಕರಿಬೇವಿನಲ್ಲಿರುವ ಕಾರ್ಬಜೋಲ್ ಎಂಬ ಸತ್ವಗಳ ಮೇಲೆ ಕೆಲಸ ಆಗಿದೆ, ಹೆಚ್ಚಿನದು ಇಲಿಗಳ ಮೇಲೆ ಮತ್ತು ಗಾಜಿನ ನಳಿಗೆಯಲ್ಲಿ. ಅದನ್ನು ನಂಬಿ ಯಾರೂ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ದೊಡ್ಡಪ್ಪ, ನಿಮಗೇ ಹೇಳುತ್ತಿರುವುದು. ಕ್ಯಾಲ್ಸಿಯಂ ಲೆಕ್ಕ ನೋಡಿ: 100 ಗ್ರಾಂ ಎಲೆಯಲ್ಲಿ 600 ಮಿಲಿಗ್ರಾಂಗೂ ಹೆಚ್ಚಿದೆ, ಕೇಳಲು ಚೆನ್ನಾಗಿದೆ. ಒಗ್ಗರಣೆಗೆ ಬೀಳುವುದು ಒಂದೆರಡು ಗ್ರಾಂ, ಅದನ್ನೂ ತಟ್ಟೆಯ ಅಂಚಿಗೆ ಸರಿಸುತ್ತೀರಿ. ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಒಂದು ಲೋಟ ಹಾಲಿಗೆ ಅದು ಸಮವಲ್ಲ. ಮುಷ್ಟಿಗಟ್ಟಲೆ ಹಾಕಿ ಚಟ್ನಿಪುಡಿ ಮಾಡಿದರೆ, ಎಲೆ ಅಗಿದು ತಿಂದರೆ ಸ್ವಲ್ಪ ಲಾಭ. ನಾನು ಕಂಡ ನಿಜವಾದ ಉಪಯೋಗ ಬೇರೆ. ಬಿಪಿ ಇರುವವರಿಗೆ ಉಪ್ಪು ಕಡಿಮೆ ಮಾಡಿ ಅಂದರೆ ಊಟವೇ ಸಪ್ಪೆ ಅನ್ನುತ್ತಾರೆ. ಕರಿಬೇವು, ಕೊತ್ತಂಬರಿ, ನಿಂಬೆರಸ ಧಾರಾಳ ಹಾಕಿದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಬೇಗ ಗೊತ್ತಾಗುವುದಿಲ್ಲ. ಹನ್ನೆರಡು ಗಂಟೆ ಶಿಫ್ಟ್ ಮುಗಿಸಿ ಬಂದು ಎರಡು ಕಡ್ಡಿ ಮುರಿದು ಮಜ್ಜಿಗೆಗೆ ಹಾಕುವಾಗ ಮೂಗಿಗೆ ಬರುವ ವಾಸನೆಗೆ ಮಿಲಿಗ್ರಾಂ ಲೆಕ್ಕ ಇಲ್ಲ, ಅದು ಬೇರೆ ಮಾತು.

ಸಣ್ಣ ಜಾಗದಲ್ಲಿ ಬೆಳೆಯುವವರಿಗೆ ಬೇಕಾದಷ್ಟು ಹೇಳಿ ಮುಗಿಸುತ್ತೇನೆ. ಹದಿನಾಲ್ಕು ಇಂಚಿನ ಕುಂಡ, ತಳದಲ್ಲಿ ನೀರು ನಿಲ್ಲಬಾರದು. ನನ್ನ ಬಾಲ್ಕನಿ ಪಶ್ಚಿಮಕ್ಕಿದೆ, ಸಮುದ್ರ ಹತ್ತಿರ, ಜೂನ್ ಪೂರ್ತಿ ಮೋಡ ಮುಚ್ಚಿರುತ್ತದೆ. ನಮ್ಮ ಮಡಿಕೇರಿ ಮಂಜಿನಂತೆ, ಮಳೆ ಮಾತ್ರ ಇಲ್ಲ. ಚಳಿಗಾಲದಲ್ಲಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ಹಳದಿಯಾಗಿ ಉದುರುತ್ತದೆ. ಸತ್ತಿತು ಅಂತ ಕಿತ್ತು ಎಸೆಯಬೇಡಿ, ನೀರು ಕಡಿಮೆ ಮಾಡಿ ಕಾಯಿರಿ, ಮಾರ್ಚ್‌ಗೆ ಚಿಗುರುತ್ತದೆ. ಎಲೆ ಒಂದೊಂದೇ ಕೀಳುವ ಬದಲು ಕಡ್ಡಿ ಸಮೇತ ಕತ್ತರಿಸಿ, ಗಿಡ ಪೊದೆಯಾಗುತ್ತದೆ. ವಾರಕ್ಕೊಮ್ಮೆ ಚಿಗುರನ್ನು ತಿರುಗಿಸಿ ನೋಡಿ. ಹಳದಿ ಮರಿಹುಳ, ಅವುಗಳ ಹಿಂದೆ ಸುರುಳಿ ಸುತ್ತಿದ ಬಿಳಿ ಮೇಣದ ಎಳೆ ಕಂಡರೆ ಅದು ಸಿಲ್ಲಿಡ್. ಇಲ್ಲಿ ಇರುವವರು ಕೌಂಟಿಯ ಕೃಷಿ ಇಲಾಖೆಗೆ ಫೋನ್ ಮಾಡಿ, ಅವರೇ ಬಂದು ನೋಡುತ್ತಾರೆ. ನನ್ನ ಗಿಡದಲ್ಲಿ ಇದುವರೆಗೆ ಕಂಡಿಲ್ಲ. ಇವತ್ತು ಬೆಳಗ್ಗೆಯೂ ನೋಡಿದೆ.

ಮುಂದಿನ ವಾರ ನೈಟ್ ಶಿಫ್ಟ್, ಬರೆಯಲು ಆಗುವುದಿಲ್ಲ. ಅದಾದ ಮೇಲೆ ದೊಡ್ಡಪತ್ರೆ. ಅದು ಕಿತ್ತಳೆ ಕುಟುಂಬದ್ದಲ್ಲ, ಹಾಗಾಗಿ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿಗೆ ಒಂದು ಕಡ್ಡಿ ಮುರಿದು ಕೊಟ್ಟೆ. ಕೈಯಲ್ಲಿ ಉಜ್ಜಿ ಮೂಸಿ, "ಓರೆಗಾನೋ" ಅಂದರು. ತಂಬುಳಿ ಮಾಡಿ ಕೊಟ್ಟಿದ್ದೇನೆ, ಏನಂದರು ಅಂತ ಆಗ ಹೇಳುತ್ತೇನೆ.